ಬತ್ತಿದ ಬೋರು ಕುಡಿದದ್ದು

ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ ಎಂದು ಮನೆಯವರೆಲ್ಲ ಹೇಳುತ್ತಾರೆ. ಸುಳ್ಳೇನಲ್ಲ. ಮೂವತ್ತು ವರ್ಷ ಶಿವಮೊಗ್ಗದ ಕಾಲೇಜಿನಲ್ಲಿ ಭೂವಿಜ್ಞಾನ ಪಾಠ ಮಾಡಿದವಳಿಗೆ ತಾಳ್ಮೆ ಬರಬೇಕಿತ್ತು. ಕಲ್ಲುಗಳ ವಿಷಯದಲ್ಲಿ ಬಂತು, ಮನುಷ್ಯರ ವಿಷಯದಲ್ಲಿ ಬರಲಿಲ್ಲ. ಆದರೂ ಆ ದಿನ ಆಲ್ಕೊಳ ಸರ್ಕಲ್ಲಿನ ಹತ್ತಿರದ ಲ್ಯಾಬಿನಿಂದ ಅಕ್ಕನ ಮೂತ್ರದ ರಿಪೋರ್ಟು ತೆಗೆದುಕೊಂಡು ಹೊರಗೆ ಬಂದಾಗ ಮೊದಲು ಆದದ್ದು ಭಯ. ಸಿಟ್ಟು ಬಂದದ್ದು ಭದ್ರಾವತಿ ಬಸ್ಸು ಹತ್ತಿ ಕೂತ ಮೇಲೆ.

ರಿಪೋರ್ಟಿನ ಮೇಲ್ಗಡೆ ಕ್ರಿಮಿಯ ಹೆಸರು, ಕೆಳಗೆ ಆಂಟಿಬಯಾಟಿಕ್ ಔಷಧಗಳ ಉದ್ದ ಪಟ್ಟಿ. ಒಂದೊಂದರ ಎದುರಿಗೂ ಒಂದು ಅಕ್ಷರ. ಎಸ್ ಇದ್ದರೆ ಆ ಔಷಧ ಕೆಲಸ ಮಾಡುತ್ತದೆ, ಆರ್ ಇದ್ದರೆ ಮಾಡುವುದಿಲ್ಲ. ಅಕ್ಕನ ರಿಪೋರ್ಟಿನಲ್ಲಿ ಮೇಲಿನಿಂದ ಕೆಳಗಿನವರೆಗೆ ಆರ್, ಆರ್, ಆರ್. ಕೊನೆಯಲ್ಲಿ ಎರಡೇ ಎರಡು ಎಸ್, ಅವೂ ಆಸ್ಪತ್ರೆಯಲ್ಲಿ ಮಲಗಿ ನರಕ್ಕೆ ಚುಚ್ಚಿಸಿಕೊಳ್ಳಬೇಕಾದ ಔಷಧಗಳು. ವರ್ಷದೊಳಗೆ ಅವಳಿಗೆ ಇದು ನಾಲ್ಕನೆಯ ಸಲ. ಚಳಿಜ್ವರ, ಉರಿಮೂತ್ರ, ಎದ್ದು ಕೂರಲಾಗದಷ್ಟು ಸೊಂಟನೋವು. ಡಾಕ್ಟರು ಬರೆದುಕೊಟ್ಟ ಮಾತ್ರೆ ನುಂಗಿದರೆ ವಾರ ಹತ್ತು ದಿನ ಸುಮ್ಮನಿದ್ದು ಮತ್ತೆ ಬರುತ್ತಿತ್ತು. ಇನ್ನೊಂದು ಸಲ ಬಂದು ಕಿಡ್ನಿಗೆ ಏರಿದರೆ ಕಷ್ಟವಿದೆ ಎಂದು ಡಾಕ್ಟರು ಹೇಳಿಯಾಗಿತ್ತು.

ಆ ಡಾಕ್ಟರು ರಿಪೋರ್ಟು ನೋಡಿ ಅಕ್ಕನನ್ನೇ ಗದರಿದರು. ಮೆಡಿಕಲ್ ಶಾಪಿನಿಂದ ಮನಸ್ಸಿಗೆ ಬಂದ ಮಾತ್ರೆ ತಂದು ನುಂಗಿದರೆ ಹೀಗೇ ಆಗುವುದು ಎಂದರು. ಅಕ್ಕ ತಲೆನೋವಿಗೂ ಶುಂಠಿ ತೇಯ್ದು ಹಚ್ಚಿಕೊಳ್ಳುವವಳು. ನೆಗಡಿಗೆ ಕಾಳುಮೆಣಸಿನ ಕಷಾಯ, ಹೊಟ್ಟೆಗೆ ಓಮ. ಅರವತ್ತೈದು ದಾಟುವವರೆಗೆ ಅವಳ ಮನೆಯಲ್ಲಿ ಮಾತ್ರೆಯ ಡಬ್ಬಿ ಎನ್ನುವುದೇ ಇರಲಿಲ್ಲ. ಮಾಡದ ತಪ್ಪಿಗೆ ಬೈಸಿಕೊಂಡು ಅವಳು ಸೆರಗಿನ ತುದಿ ಹಿಡಿದು ತಲೆ ತಗ್ಗಿಸಿ ಕೂತಿದ್ದಳು. ನನಗೆ ಮೈಯೆಲ್ಲ ಉರಿಯಿತು. ನೀವು ಬರೆದದ್ದು ಬಿಟ್ಟು ಇವಳು ಬೇರೆ ನುಂಗಿಲ್ಲ ಸ್ವಾಮಿ ಎಂದು ನಾನು ಜೋರಾಗಿಯೇ ಹೇಳಿದೆ. ಹಾಗಾದರೆ ಇವರ ಹೊಟ್ಟೆಯ ಕ್ರಿಮಿ ಇಷ್ಟು ಔಷಧಗಳನ್ನು ಎಲ್ಲಿ ಪರಿಚಯ ಮಾಡಿಕೊಂಡಿತು ಎಂದು ಅವರು ಕೇಳಿದರು. ವ್ಯಂಗ್ಯಕ್ಕೆ ಕೇಳಿದ್ದೇ ಆದರೂ ಅದು ಸರಿಯಾದ ಪ್ರಶ್ನೆ. ಒಂದು ಔಷಧವನ್ನು ಸ್ವಲ್ಪಸ್ವಲ್ಪವೇ ಮತ್ತೆ ಮತ್ತೆ ಕಂಡ ಕ್ರಿಮಿಯೇ ಅದಕ್ಕೆ ಬಗ್ಗದಂತಾಗುವುದು. ಅಕ್ಕನನ್ನು ಆರು ದಿನ ಆಸ್ಪತ್ರೆಯಲ್ಲಿ ಮಲಗಿಸಿ ಇಂಜೆಕ್ಷನ್ ಕೊಡಿಸಿದೆವು. ಆರು ದಿನವೂ ಆ ಪ್ರಶ್ನೆ ನನ್ನ ತಲೆಯಲ್ಲಿ ಕೊರೆಯುತ್ತಲೇ ಇತ್ತು.

ಅಕ್ಕನ ಮನೆ ಇರುವುದು ಭದ್ರಾವತಿಯ ಓಲ್ಡ್ ಟೌನ್ ದಾಟಿ, ಊರು ಮುಗಿದು ಗದ್ದೆ ಶುರುವಾಗುವ ಕಡೆ. ಭಾವ ನಿವೃತ್ತ ಸಂಸ್ಕೃತ ಮೇಷ್ಟ್ರು. ಮನೆಗೆ ನಲ್ಲಿ ನೀರು ಬರುತ್ತದೆ, ಪಾತ್ರೆ ಬಟ್ಟೆಗೆ ಮಾತ್ರ. ಕುಡಿಯಲು, ಅಡುಗೆಗೆ, ದೇವರಿಗೆ ಹಿತ್ತಿಲ ಬಾವಿಯದೇ ಆಗಬೇಕು, ಅದೂ ಬೆಳಿಗ್ಗೆ ಸ್ನಾನ ಮಾಡಿ ಮಡಿಯುಟ್ಟು ಅಕ್ಕ ತಾನೇ ಸೇದಿದ್ದು. ನಲ್ಲಿ ನೀರು ಯಾವ ಪೈಪಿನಲ್ಲಿ ಯಾರ ಮೋರಿ ಪಕ್ಕ ಬಂತೋ ಯಾರಿಗೆ ಗೊತ್ತು ಎನ್ನುವುದು ಅವಳ ವಾದ. ನಾನು ಇದನ್ನು ವರ್ಷಗಟ್ಟಲೆ ಹಾಸ್ಯ ಮಾಡಿದ್ದೇನೆ. ಆದರೂ ಆ ಬಾವಿಯ ಬಗ್ಗೆ ನನಗೆ ಒಳಗೊಳಗೇ ಹೆಮ್ಮೆ ಇತ್ತು. ಅದಕ್ಕೆ ಕಾರಣ ಹೇಳದೆ ಈ ಕತೆ ಮುಂದೆ ಹೋಗುವುದಿಲ್ಲ.

ಕೆಲಸದಿಂದ ನಿವೃತ್ತಳಾದ ಮೇಲೆ ನಾನು ಬತ್ತಿದ ಬೋರುಗಳಿಗೆ ನೀರು ಕುಡಿಸುವುದನ್ನು ಹೇಳಿಕೊಡುತ್ತ ತಿರುಗಿದೆ. ಭದ್ರಾವತಿ ಸುತ್ತಲೂ ಹೋದೆ, ಹೊಳಲೂರಿನ ಕಡೆಗೂ ಹೋದೆ. ಶಾಲೆಯ ಜಗಲಿ, ಸೊಸೈಟಿ ಕಟ್ಟಡ, ಮದುವೆ ಛತ್ರ, ಎಲ್ಲಿ ಕರೆದರೂ ಸರಿ. ವಿಧಾನ ಸುಲಭ. ಫೇಲಾದ ಬೋರಿನ ಸುತ್ತ ಆಳಕ್ಕೆ ಗುಂಡಿ ತೋಡಬೇಕು. ಕೇಸಿಂಗ್ ಪೈಪಿಗೆ ತೂತು ಕೊರೆದು ಜಾಲರಿ ಸುತ್ತಬೇಕು. ಗುಂಡಿಗೆ ದಪ್ಪ ಕಲ್ಲು, ಜಲ್ಲಿ, ಇದ್ದಿಲು, ಮರಳು ಪದರಪದರವಾಗಿ ತುಂಬಬೇಕು. ಮಳೆ ನೀರನ್ನು ಅದಕ್ಕೆ ತಿರುಗಿಸಿದರೆ ಬೋರು ಕುಡಿಯುತ್ತದೆ, ಭೂಮಿಯೊಳಗೆ ನೀರು ಏರುತ್ತದೆ. ಎಲ್ಲ ಹೇಳಿದ ಮೇಲೆ ಕೊನೆಗೊಂದು ಮಾತು ಹೇಳುತ್ತಿದ್ದೆ: ನಿಮ್ಮ ಜಾಗದ ಒಂದು ಹನಿ ನೀರೂ ನಿಮ್ಮ ಗೇಟು ದಾಟಬಾರದು. ಜನ ಚಪ್ಪಾಳೆ ತಟ್ಟುತ್ತಿದ್ದದ್ದು ಆ ಮಾತಿಗೆ.

ಅಕ್ಕನ ಮನೆಯ ಹಿಂದಿನ ಇಳಿಜಾರಿನ ಮೇಲ್ಗಡೆ, ಎರಡು ಗದ್ದೆ ಆಚೆ, ಒಂದು ಕೋಳಿ ಶೆಡ್ ಇದೆ. ಅದರ ಮಾಲೀಕ ಊರಿನ ಉಕ್ಕಿನ ಫ್ಯಾಕ್ಟರಿಯಲ್ಲಿ ದುಡಿದು ಹೊರಬಂದ ಮನುಷ್ಯ. ನನ್ನ ಭಾಷಣ ಕೇಳಿ, ನನ್ನನ್ನೇ ಕರೆಸಿ, ತನ್ನ ಫೇಲಾದ ಬೋರಿಗೆ ಗುಂಡಿ ಮಾಡಿಸಿದ್ದ. ಅದಾದ ಮುಂದಿನ ಬೇಸಿಗೆಯಲ್ಲಿ ಅಕ್ಕನ ಬಾವಿ ಬತ್ತಲಿಲ್ಲ. ಪ್ರತಿ ಏಪ್ರಿಲ್‌ನಲ್ಲಿ ತಳದ ಬಂಡೆ ತೋರಿಸುತ್ತಿದ್ದ ಬಾವಿಯಲ್ಲಿ ಎರಡಾಳು ನೀರು ನಿಂತಿತು. ಆಮೇಲೆ ನಾನು ಹೋದ ಕಡೆಯಲ್ಲೆಲ್ಲ ಅಕ್ಕನ ಬಾವಿಯ ಫೋಟೊ ತೋರಿಸಿದೆ. ಮೇಲೆ ಕುಡಿಸಿದ್ದು ಕೆಳಗೆ ಬಂತು ನೋಡಿ ಎಂದು ಬೀಗಿದೆ. ಅಷ್ಟು ಸಲ ಆ ಮಾತು ಹೇಳಿದವಳಿಗೆ ಅದರ ಅರ್ಥ ಹೊಳೆಯಲು ಅಕ್ಕ ಆಸ್ಪತ್ರೆ ಸೇರಬೇಕಾಯಿತು.

ಕೋಳಿಗಳಿಗೂ ಆಂಟಿಬಯಾಟಿಕ್ ಕೊಡುತ್ತಾರೆಂದು ಎಲ್ಲೋ ಓದಿದ್ದು ನೆನಪಾಗಿ, ಅಕ್ಕ ಆಸ್ಪತ್ರೆಯಿಂದ ಮನೆಗೆ ಬಂದ ಮರುದಿನ ನಾನು ಆ ಶೆಡ್ಡಿಗೆ ಹೋದೆ. ಮಾಲೀಕ ಕೈಮುಗಿದು ಕರೆದು ಗುಂಡಿ ತೋರಿಸಿದ. ಶೆಡ್ಡಿನ ಮಾಡಿನ ಮಳೆನೀರಿನ ಪೈಪು ಒಂದು ಕಡೆಯಿಂದ ಬಂದು ಗುಂಡಿಗೆ ಬಿದ್ದಿತ್ತು. ಅದು ನಾನು ಹಾಕಿಸಿದ್ದು. ಇನ್ನೊಂದು ಕಡೆಯಿಂದ ಸಿಮೆಂಟಿನ ಕಾಲುವೆಯೊಂದು ಬಂದು ಸೇರಿತ್ತು. ಅದು ಶೆಡ್ಡಿನ ಒಳಗಿನಿಂದ ಬಂದದ್ದು. ಕೋಳಿಗಳ ಒಂದು ಬ್ಯಾಚ್ ಲಾರಿ ಹತ್ತಿದ ಮೇಲೆ ನೆಲ ತೊಳೆದ ನೀರು, ಔಷಧ ಕಲಸಿದ ಕುಡಿಯುವ ನೀರಿನ ಟ್ಯಾಂಕಿನಲ್ಲಿ ಉಳಿದದ್ದು, ಪೈಪು ತೊಳೆದದ್ದು, ಎಲ್ಲ ಆ ಕಾಲುವೆಯಲ್ಲಿ ಬಂದು ಬೋರಿಗೆ ಇಳಿಯುತ್ತಿತ್ತು. ಮೊದಲು ಅದನ್ನು ಆಚೆ ಹಳ್ಳಕ್ಕೆ ಬಿಡುತ್ತಿದ್ದನಂತೆ. ನನ್ನ ಭಾಷಣ ಕೇಳಿದ ಮೇಲೆ ನಾಚಿಕೆಯಾಗಿ ನಿಲ್ಲಿಸಿದನಂತೆ.

“ಒಂದು ಹನಿ ಗೇಟು ದಾಟಲ್ಲ ಮೇಡಂ ಈಗ. ನೀವು ಹೇಳಿದ್ದು ನಾನೊಬ್ಬನೇ ಪೂರ್ತಿ ಮಾಡಿದ್ದು,” ಎಂದ.

ನಾನು ಮಳೆ ನೀರು ಎಂದಿದ್ದೆ, ನಿಜ. ಭಾಷಣದ ಚಿತ್ರದಲ್ಲಿ ಮಾಡಿನ ನೀರನ್ನೇ ತೋರಿಸಿದ್ದೆ, ಅದೂ ನಿಜ. ಆದರೆ ಯಾವ ನೀರನ್ನು ಬಿಡಬಾರದು ಎಂದು ಒಂದು ದಿನವೂ ಬಾಯಿಬಿಟ್ಟು ಹೇಳಿರಲಿಲ್ಲ. ಅಷ್ಟೂ ತಿಳಿಯದೆ ಇರುತ್ತದೆಯೇ ಎಂದುಕೊಂಡಿದ್ದೆ. ತಿಳಿಯುವುದಿಲ್ಲ. ಚಪ್ಪಾಳೆ ಬೀಳುವ ಮಾತೇ ಜನರ ಮನಸ್ಸಿನಲ್ಲಿ ಉಳಿಯುತ್ತದೆ.

ಟ್ಯಾಂಕಿಗೆ ಏನು ಹಾಕುತ್ತೀರಿ ಎಂದು ಕೇಳಿದೆ. ಅವನಿಗೆ ಗೊತ್ತಿರಲಿಲ್ಲ. ಕೋಳಿ ಕಂಪನಿಯೊಂದಕ್ಕೆ ಗುತ್ತಿಗೆಗೆ ಸಾಕಿಕೊಡುವವನು. ಮರಿ ಕಂಪನಿಯದು, ಫೀಡ್ ಕಂಪನಿಯದು, ಔಷಧವೂ ಕಂಪನಿಯದು. ಅವನದು ಶೆಡ್ಡು ಮತ್ತು ಮೈಮುರಿಯುವ ದುಡಿಮೆ. ಸೂಪರ್‌ವೈಸರ್ ಬೈಕಿನಲ್ಲಿ ಬಂದು ಕೊಟ್ಟ ಪುಡಿಯನ್ನು ಹೇಳಿದಷ್ಟು ದಿನ ಕಲಸುವುದು, ಅಷ್ಟೇ. ವಿಟಮಿನ್ ಎಂದು ಹೇಳಿದ್ದಾರೆ ಎಂದ. ಮೂಲೆಯಲ್ಲಿ ರಾಶಿ ಬಿದ್ದಿದ್ದ ಖಾಲಿ ಪ್ಯಾಕೆಟ್ಟುಗಳನ್ನು ನಾನು ಕನ್ನಡಕ ಹಾಕಿಕೊಂಡು ಓದಿದೆ. ಅಕ್ಕನ ರಿಪೋರ್ಟು ಪರ್ಸಿನಲ್ಲೇ ಇತ್ತು. ಪ್ಯಾಕೆಟ್ಟಿನ ಮೇಲಿದ್ದ ಎರಡು ಹೆಸರುಗಳು ಅದರಲ್ಲೂ ಇದ್ದವು, ಎರಡರ ಮುಂದೆಯೂ ಆರ್. ನಾನು ಆ ಪ್ಯಾಕೆಟ್ಟುಗಳನ್ನು ಮಡಚಿ ಚೀಲಕ್ಕೆ ಹಾಕಿಕೊಂಡೆ.

ಸೂಪರ್‌ವೈಸರಿಗೆ ಫೋನ್ ಮಾಡಿದೆ. ಕೋಳಿಗೆ ಕಾಯಿಲೆ ಬರುವ ಮೊದಲೇ ಔಷಧ ಯಾಕೆ ಎಂದರೆ, ಬರಬಾರದು ಅಂತ ಎಂದ. ಉಳಿದ ನೀರು ಎಲ್ಲಿ ಹೋಗಬೇಕು ಎಂದರೆ, ಅದು ಫಾರ್ಮಿನವರ ಜವಾಬ್ದಾರಿ ಎಂದ. ಒಂದು ಕಚೇರಿಗೆ ಹೋದೆ. ಅಂತರ್ಜಲ ನಮ್ಮದಲ್ಲ ಎಂದರು. ಇನ್ನೊಂದಕ್ಕೆ ಹೋದೆ. ಅಂತರ್ಜಲ ನಮ್ಮದೇ, ಕೋಳಿ ನಮ್ಮದಲ್ಲ ಎಂದರು. ಬಾವಿಯ ನೀರು ಪರೀಕ್ಷೆಗೆ ಕೊಟ್ಟೆ. ಗಡಸುತನ ಎಷ್ಟು, ಫ್ಲೋರೈಡ್ ಎಷ್ಟು, ನೈಟ್ರೇಟ್ ಎಷ್ಟು, ಮಲದ ಕ್ರಿಮಿ ಇದೆಯೇ, ಇಷ್ಟನ್ನು ನೋಡಿ ಬರೆದುಕೊಟ್ಟರು. ಮಲದ ಕ್ರಿಮಿ ಇತ್ತು. ಆಂಟಿಬಯಾಟಿಕ್ ಇದೆಯೇ ಎಂದು ಕೇಳಿದರೆ, ಅದಕ್ಕೆ ನಮ್ಮ ನಮೂನೆಯಲ್ಲಿ ಕಾಲಮ್ಮೇ ಇಲ್ಲ ಎಂದು ಅಲ್ಲಿದ್ದವರು ನಕ್ಕರು. ಕಾಲಮ್ ಇಲ್ಲದ ವಿಷ ವಿಷವಲ್ಲ! ಹೀಗೆ ತಿಪ್ಪೆ ಸಾರಿಸುವುದನ್ನೇ ಕೆಲಸ ಎಂದುಕೊಂಡವರಿಗೆ ತಿಂಗಳು ತಿಂಗಳು ಸಂಬಳ. ನಾನು ಮೆಟ್ಟಿಲು ಇಳಿಯುತ್ತ ಬಾಯಿಗೆ ಬಂದಂತೆ ಬೈದೆ, ಕೆಳಗೆ ನಿಂತಿದ್ದ ವಾಚ್‌ಮನ್ ಗಾಬರಿಯಾಗಿ ಗೇಟು ತೆಗೆದ.

ಮತ್ತೆ ಶೆಡ್ಡಿಗೇ ಬಂದೆ. ಕಾಲುವೆ ಮುಚ್ಚಿಸು ಎಂದೆ. ಮಾಲೀಕನಿಗೆ ನನ್ನ ಮಾತು ಕೇಳಿಸಿತು, ಒಳಗೆ ಇಳಿಯಲಿಲ್ಲ. ಬೋರು ಕೊರೆಸುವಾಗ ಅಷ್ಟೂ ಅಡಿ ಬರೀ ಬಿಳಿ ಧೂಳು ಬಂದಿತ್ತು, ಎಲ್ಲೂ ಒಂದು ಹನಿ ನೀರಿರಲಿಲ್ಲ, ಅಂಥ ಗಟ್ಟಿ ಬಂಡೆಯಲ್ಲಿ ಇಲ್ಲಿಂದ ನಿಮ್ಮ ಅಕ್ಕನ ಬಾವಿಗೆ ಹೇಗೆ ಹೋಗುತ್ತದೆ ಎಂದು ಕೇಳಿದ. ಅದೂ ಅಲ್ಲದೆ ಇದ್ದಿಲು ಹಾಕಿದ್ದೀನಲ್ಲ, ನೀವೇ ಫಿಲ್ಟರ್ ಎಂದಿರಲ್ಲ ಎಂದ. ಆ ಇದ್ದಿಲನ್ನು ಮುಚ್ಚಿದ್ದ ಮರಳಿನ ಮೇಲೆ ಹೊಟ್ಟು, ಹಿಕ್ಕೆ ಸೇರಿ ಬೆರಳುದಪ್ಪದ ಕೆಸರು ಕಟ್ಟಿತ್ತು.

ನಾನು ತರಗತಿಯಲ್ಲಿ ಹೇಳುತ್ತಿದ್ದಂತೆಯೇ ಅವನಿಗೆ ಹೇಳಿದೆ. ಮೇಲಿನ ಮಣ್ಣು ಒಂದು ಜರಡಿ. ಕೆಲವು ಔಷಧಗಳನ್ನು ಜೇಡಿಮಣ್ಣು ಅಂಟಿಸಿಕೊಂಡು ಹಿಡಿದಿಡುತ್ತದೆ, ಅಲ್ಲಿರುವ ಸೂಕ್ಷ್ಮಜೀವಿಗಳು ನಿಧಾನಕ್ಕೆ ಅವನ್ನು ಮುರಿದು ಹಾಕುತ್ತವೆ. ಇನ್ನು ಕೆಲವು ಮಣ್ಣಿಗೆ ಅಂಟುವುದೇ ಇಲ್ಲ, ನೀರಿನ ಜೊತೆಗೇ ಇಳಿಯುತ್ತವೆ. ಬೋರು ಕೊರೆದು ನೀರು ಬಿಟ್ಟರೆ ಆ ಜರಡಿಯನ್ನೇ ದಾಟಿಸಿ ಎಲ್ಲವನ್ನೂ ನೇರವಾಗಿ ಬಂಡೆಗೆ ಇಳಿಸಿದ ಹಾಗೆ. ಬಂಡೆ ಗಟ್ಟಿ, ಆದರೆ ಅದರೊಳಗೆ ಬಿರುಕುಗಳಿವೆ. ನೀರಿಲ್ಲದ ಬಿರುಕೂ ಬಿರುಕೇ. ನೀರು ಕೊಡದ ಬೋರು ಇಷ್ಟು ವರ್ಷ ನೀರು ಕುಡಿಯಿತಲ್ಲ, ಕುಡಿದದ್ದನ್ನು ಎಲ್ಲಿ ಇಟ್ಟುಕೊಂಡಿದೆ ಎಂದುಕೊಂಡಿದ್ದೀಯ, ಗೋಡೌನ್ ಇದೆಯೇ ಕೆಳಗೆ? ಅವನು ತಲೆ ಕೆರೆದುಕೊಂಡ. ನೋಡದೆ ನಂಬಲಾರೆ ಎಂದ. ಅದು ನ್ಯಾಯವೇ.

ಹಾಗಾಗಿ ಉಪ್ಪು ಹಾಕಿದೆವು. ಬಣ್ಣ ಹಾಕಿದರೆ ಊರು ಗಾಬರಿಯಾದೀತು, ಉಪ್ಪಿನಿಂದ ಯಾರೂ ಸಾಯುವುದಿಲ್ಲ. ಎರಡು ಮೂಟೆ ಹರಳುಪ್ಪನ್ನು ಅವನ ಟ್ಯಾಂಕಿನಲ್ಲೇ ಕರಗಿಸಿ ಗುಂಡಿಗೆ ಬಿಟ್ಟೆವು. ನೀರಿನ ಫಿಲ್ಟರ್ ಮಾರುವವರು ಮನೆಮನೆಗೆ ಹಿಡಿದುಕೊಂಡು ಬಂದು ಹೆಂಗಸರನ್ನು ಹೆದರಿಸುತ್ತಾರಲ್ಲ, ನೀರಿನಲ್ಲಿ ಕರಗಿದ ಉಪ್ಪಿನಂಶ ತೋರಿಸುವ ಆ ಟಿಡಿಎಸ್ ಮೀಟರ್ ಒಂದನ್ನು ಕೊಂಡು ನಾನು ಅಕ್ಕನ ಮನೆಯಲ್ಲೇ ಠಿಕಾಣಿ ಹೂಡಿದೆ. ಅಕ್ಕನ ಆರೈಕೆ ಎಂಬ ನೆಪ. ಕುಡಿಯಲು ನಾನು ತಂದ ಕ್ಯಾನಿನ ನೀರನ್ನು ಅವಳು ಮುಟ್ಟಲೂ ಇಲ್ಲ. ಎದ್ದು ನಿಲ್ಲಲು ತ್ರಾಣವಿಲ್ಲದವಳು ಗೋಡೆ ಹಿಡಿದುಕೊಂಡು ಬಾವಿಕಟ್ಟೆಗೆ ಹೋಗಿ ಸೇದುತ್ತಿದ್ದಳು. ಬೇಡ ಎಂದರೆ ಜಗಳ. ಬಾವಿ ಯಾಕೆ ಬೇಡ ಎಂದು ನಾನು ಹೇಳಿರಲಿಲ್ಲ, ಖಾತ್ರಿಯಾಗಲಿ ಎಂದು ಕಾಯುತ್ತಿದ್ದೆ. ಬೆಳಿಗ್ಗೆ ಸಂಜೆ ಅವಳಿಗೆ ಕಾಣದಂತೆ ಕೊಡದ ನೀರಿಗೆ ಮೀಟರ್ ಅದ್ದಿ ನೋಡುತ್ತಿದ್ದೆ. ಮೂರು ದಿನ ಅಂಕಿ ಅಲುಗಾಡಲಿಲ್ಲ. ಅದು ಅಲುಗಾಡದೇ ಇರಲಿ ಎಂದು ನಾನು ದೇವರಿಗೆ ಹರಕೆ ಕಟ್ಟಿಕೊಳ್ಳುವುದೊಂದು ಬಾಕಿ.

ನಾಲ್ಕನೆಯ ಬೆಳಿಗ್ಗೆ ನಾನು ಮೀಟರ್ ಹುಡುಕುತ್ತಿದ್ದಾಗಲೇ ದೇವರಕೋಣೆಯಿಂದ ಅಕ್ಕನ ದನಿ ಬಂತು. ಭಾವ ಪೂಜೆ ಮುಗಿಸಿ ಉದ್ಧರಣೆಯಲ್ಲಿ ಅವಳ ಕೈಗೆ ತೀರ್ಥ ಹಾಕಿದ್ದರು.

“ತೀರ್ಥ ಉಪ್ಪುಪ್ಪಾಗಿದೆಯಲ್ರೀ,” ಎಂದಳು.

ಭಾವ ತಾವೂ ಒಂದು ಉದ್ಧರಣೆ ಬಾಯಿಗೆ ಹಾಕಿಕೊಂಡು ಹೌದಲ್ಲ ಎಂದರು. ಮೀಟರ್ ಆಮೇಲೆ ಅದನ್ನೇ ಹೇಳಿತು, ಅಂಕಿ ಜಿಗಿದಿತ್ತು. ಶೆಡ್ಡಿನ ಗುಂಡಿಗೆ ಸುರಿದದ್ದು ನಾಲ್ಕು ದಿನದಲ್ಲಿ ಅಕ್ಕನ ಅಂಗೈಗೆ ಬಂದಿತ್ತು. ಔಷಧ ಉಪ್ಪಿನಷ್ಟು ಬೇಗ ಬಾರದೆ ಇರಬಹುದು, ಒಂದೊಂದರ ನಡಿಗೆ ಒಂದೊಂದು ಬಗೆ. ಆದರೆ ದಾರಿ ಒಂದೇ.

ಅಂದು ಅಡುಗೆಮನೆಯಲ್ಲಿ ಕೂತು ಅಕ್ಕನಿಗೆ ಎಲ್ಲ ಹೇಳಿದೆ. ಶೆಡ್ಡು, ಪುಡಿ, ಬೋರು, ಬಿರುಕು, ಉಪ್ಪು. ನನ್ನ ಭಾಷಣವನ್ನೂ ಬಿಡಲಿಲ್ಲ. ನಿನ್ನ ಕಾಯಿಲೆ ಇದರಿಂದಲೇ ಬಂತು ಎಂದು ಯಾರೂ ಪ್ರಮಾಣ ಮಾಡಿ ಹೇಳಲಾರರು, ಅಂಥ ಕ್ರಿಮಿ ಬೇರೆ ಕಡೆಯಿಂದಲೂ ಬಂದಿರಬಹುದು ಎಂದೂ ಹೇಳಿದೆ. ವಿಜ್ಞಾನ ಓದಿದವಳು, ಸುಳ್ಳು ಹೇಳಲಾರೆ. ಆದರೆ ಆ ‘ಬಹುದು’ ಎನ್ನುವ ಮಾತು ಹೇಳುವಾಗ ನನಗೆ ನನ್ನ ಮೇಲೇ ಅಸಹ್ಯವಾಯಿತು. ಕಂಪನಿಯವರೂ ಇದೇ ಮಾತಿನ ಹಿಂದೆ ಅಡಗುವವರು.

ಅಕ್ಕ ಬೈಯಲಿಲ್ಲ. ಬೈದಿದ್ದರೆ ಹಗುರಾಗುತ್ತಿತ್ತು. ಆ ಕಾಲುವೆ ಮುಚ್ಚಿದರೆ ಬಾವಿ ಎಷ್ಟು ದಿನಕ್ಕೆ ಸರಿಹೋಗುತ್ತದೆ ಎಂದು ಕೇಳಿದಳು. ಮಾಲೀಕ ಅಂದೇ ಬೆಳಿಗ್ಗೆ ಉಪ್ಪಿನ ಸುದ್ದಿ ಕೇಳಿದ ಕೂಡಲೇ ಮುಖ ಸಣ್ಣದು ಮಾಡಿಕೊಂಡು ಕಾಲುವೆಗೆ ಸಿಮೆಂಟು ಹಾಕಿಸಿದ್ದ, ಅವನನ್ನು ನಾನು ದೂರಲಾರೆ. ಆದರೆ ಬಂಡೆ ಕೊಡ ಅಲ್ಲ, ಬೂದಿ ಹಾಕಿ ತಿಕ್ಕಿ ತೊಳೆಯಲು. ಬಿರುಕಿನ ಅಕ್ಕಪಕ್ಕದ ಕಲ್ಲಿನ ಸಣ್ಣ ಸಣ್ಣ ರಂಧ್ರಗಳಿಗೆ ಔಷಧ ಹೊಕ್ಕು ಕೂತಿರುತ್ತದೆ. ಬಿರುಕಿನ ನೀರು ತಿಳಿಯಾದ ಮೇಲೆ ಅದು ನಿಧಾನಕ್ಕೆ ಹೊರಗೆ ಬರುತ್ತದೆ. ಕೆಳಗೆ ಬಿಸಿಲಿಲ್ಲ, ಗಾಳಿ ಕಡಿಮೆ, ಅದನ್ನು ಮುರಿಯುವ ಜೀವಿಗಳೂ ಕಡಿಮೆ. ವರ್ಷ ಹಿಡಿಯಬಹುದು, ವರ್ಷಗಳೇ ಹಿಡಿಯಬಹುದು. ಗೊತ್ತಿಲ್ಲ ಅಕ್ಕ ಎಂದೆ. ಮೂವತ್ತು ವರ್ಷ ಪಾಠ ಮಾಡಿದ್ದಕ್ಕೆ ಕೊನೆಗೆ ಸಿಕ್ಕ ಉತ್ತರ ಇಷ್ಟು. ಅಕ್ಕ ಎದ್ದು, ದೇವರಕೋಣೆಯ ತಂಬಿಗೆಯನ್ನು ತಂದು, ನಲ್ಲಿಯ ಕೆಳಗೆ ಹಿಡಿದು ತುಂಬಿದಳು. ಭಾವ ಬಾಗಿಲಲ್ಲಿ ನಿಂತು ನೋಡಿದರು.

ಅಲ್ಲಿಗೆ ಮುಗಿಯಿತು ಎಂದುಕೊಂಡು ನಾನು ಬ್ಯಾಗು ಹೊಂದಿಸತೊಡಗಿದೆ. ಮಧ್ಯಾಹ್ನದ ಬಸ್ಸಿಗೆ ಹೊರಡುವುದು ಎಂದು. ಅಕ್ಕ ಬಂದು ಬ್ಯಾಗಿನ ಮೇಲೆ ಕೈಯಿಟ್ಟಳು.

“ಈ ಬಾವಿ ನೀರು ನಾನೊಬ್ಬಳೇ ಕುಡಿಯೋದಾ ಮಾರಾಯ್ತಿ? ಪಕ್ಕದ ಮನೆಯವಳು ಮಗುಗೆ ಅಂತ ದಿನಾ ಒಯ್ತಾಳೆ. ಅವಳಿಗೆ ನಾನು ಹೇಳಲ್ಲ. ನೀನು ಹೇಳಿ ಹೋಗು.”

ಪಕ್ಕದ ಮನೆಯಲ್ಲಿ ಬಾಡಿಗೆಗಿದ್ದದ್ದು ಫ್ಯಾಕ್ಟರಿ ಕಡೆಯ ಒಂದು ತಮಿಳು ಕುಟುಂಬ. ಹೆಂಡತಿಗೆ ಇಪ್ಪತ್ತೈದು ಇದ್ದೀತು, ಮಗುವಿಗೆ ಎಂಟು ತಿಂಗಳು. ನಲ್ಲಿ ನೀರಿಗಿಂತ ಅಯ್ಯರ ಮನೆಯ ಮಡಿ ನೀರು ಶುದ್ಧ ಎಂದು ನಂಬಿ, ದಿನಾ ಬೆಳಿಗ್ಗೆ ಅಕ್ಕನ ಹತ್ತಿರ ಒಂದು ಸ್ಟೀಲ್ ಬಿಂದಿಗೆ ತುಂಬಿಸಿಕೊಂಡು ಹೋಗುತ್ತಿದ್ದಳು. ನಾನು ಹೋದಾಗ ಮಗುವಿನ ರಾಗಿ ಗಂಜಿಗೆ ಒಲೆಯ ಮೇಲೆ ನೀರಿಟ್ಟಿದ್ದಳು. ಅಕ್ಕ ನನ್ನ ಹಿಂದೆಯೇ ಬಂದು ಹೊಸ್ತಿಲ ಹೊರಗೆ ನಿಂತಳು.

ಬಾವಿಯ ನೀರು ಇನ್ನು ಮಗುವಿಗೆ ಬೇಡಮ್ಮ ಎಂದೆ. ಅವಳಿಗೆ ಅರ್ಥವಾಗಲಿಲ್ಲ. ಕಾಯಿಸಿ ಆರಿಸಿಯೇ ಕೊಡುತ್ತೇನಲ್ಲ ಎಂದಳು. ಕಾಯಿಸಿದರೆ ಕ್ರಿಮಿ ಸಾಯುತ್ತದೆ, ಅದರಲ್ಲಿರುವ ಔಷಧ ಹೋಗುತ್ತದೆಂದು ಹೇಳಲಾರೆ ಎಂದೆ. ಬಾವಿಗೆ ಔಷಧ ಯಾರು ಹಾಕಿದರು ಎಂದು ಕೇಳಿದಳು. ಕಂಪನಿ, ಸೂಪರ್‌ವೈಸರ್, ಕಚೇರಿಯವರು, ಎಲ್ಲ ಹೆಸರೂ ನನ್ನ ನಾಲಿಗೆಯ ತುದಿಯಲ್ಲಿತ್ತು. ಬೈಯಲು ನನಗೆ ಇಡೀ ಜಿಲ್ಲೆಯೇ ಇತ್ತು. ಹೊಸ್ತಿಲ ಹೊರಗೆ ಅಕ್ಕ ಗೋಡೆಗೆ ಒರಗಿಕೊಂಡು ನನ್ನನ್ನೇ ನೋಡುತ್ತಿದ್ದಳು. ಹಾಕಿದವರು ಬೇರೆ, ಇಲ್ಲಿಗೆ ದಾರಿ ಮಾಡಿಕೊಟ್ಟವಳು ನಾನು ಎಂದೆ.

ಅವಳು ಒಲೆ ಆರಿಸಿದಳು. ಮಗುವನ್ನು ಸೊಂಟಕ್ಕೆ ಎತ್ತಿಕೊಂಡು, ಇನ್ನೊಂದು ಕೈಯಲ್ಲಿ ತುಂಬಿದ ಬಿಂದಿಗೆ ಹಿಡಿದು ಹಿತ್ತಿಲ ಬಾಗಿಲವರೆಗೆ ಹೋದಳು. ಹೊರಗೆ ಅವಳ ಕರಿಬೇವಿನ ಗಿಡ, ಅದರ ಪಕ್ಕ ಬಟ್ಟೆ ಒಗೆಯುವ ಕಲ್ಲು, ಅದರಾಚೆ ಗದ್ದೆ. ಬಿಂದಿಗೆ ಬಗ್ಗಿಸಲು ಹೋದವಳು ನಿಂತು ನನ್ನ ಕಡೆ ತಿರುಗಿದಳು.

“ಇದನ್ನ ಎಲ್ಲಿ ಚೆಲ್ಲಲಿ ಮೇಡಂ?”